ಇಲಿ ಬಿದ್ದ ಊರಿನ ಮಾತು

ಬೆಂಗಳೂರಿನಿಂದ ಹೊರಟು ತುಮಕೂರು, ತಿಪಟೂರು, ಅರಸೀಕೆರೆಗಳನ್ನು ದಾಟಿ, ಬಾಣಾವರ, ದೇವನೂರು, ಕಡೂರು, ಬೀರೂರುಗಳ ಮಾರ್ಗವಾಗಿ ಹರಿಹರವನ್ನೂ ಅಲ್ಲಿಂದಾಚೆಗೆ ಹುಬ್ಬಳ್ಳಿಯನ್ನೂ ಮುಟ್ಟುವ ರೈಲುಹಾದಿಯು 1889ರ ಹೊತ್ತಿಗೆ ಸಿದ್ಧವಾಗಿ, ಮೈಸೂರು ಸಂಸ್ಥಾನವನ್ನು ಮುಂಬಯಿ ಪ್ರಾಂತ್ಯದೊಂದಿಗೆ ಬೆಸೆಯಿತು. ಕೊಬ್ಬರಿಯೂ ಕಾಳುಕಡ್ಡಿಯೂ ಬಟ್ಟೆಬರೆಯೂ ಅದುವರೆಗೆ ಎತ್ತಿನ ಗಾಡಿಯ ವೇಗದಲ್ಲಿಯೇ ಚಲಿಸುತ್ತಿದ್ದ ಈ ಬಯಲುಸೀಮೆಗೆ ಅದು ಮಹೋಪಕಾರವೇ ಸರಿ. ಆದರೆ ಹತ್ತು ವರ್ಷ ತುಂಬುವ ಮೊದಲೇ, 1896ರಲ್ಲಿ ಮುಂಬಯಿಯಲ್ಲಿ ತಲೆದೋರಿ, ಧಾರವಾಡ ಜಿಲ್ಲೆಯನ್ನು ಹೊಕ್ಕು, ಹುಬ್ಬಳ್ಳಿಯನ್ನು ತತ್ತರಗೊಳಿಸಿದ ಮಹಾರೋಗವೊಂದು ಅದೇ ಹಳಿಗಳ ಮೇಲೆ ದಕ್ಷಿಣಕ್ಕೆ ಪ್ರಯಾಣಮಾಡಿ, ಬಾಣಾವರದಂಥ ಸಣ್ಣ ನಿಲ್ದಾಣಗಳನ್ನು ಹಾದು, 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಪ್ರಕಟವಾಯಿತು. ರೋಗದೊಡನೆ ಅದರ ಹೆಸರೂ ಬಂದಿತು. ಅಂದು ಬಂದ ‘ಪ್ಲೇಗು’ ಎಂಬ ಶಬ್ದವು ಅಕ್ಷರವರಿಯದ ಹಿರಿಯರ ಬಾಯಲ್ಲಿಯೂ ಕನ್ನಡದ್ದೇ ಆಗಿ ನೆಲಸಿ, ‘ಪ್ಲೇಗಮ್ಮ’ನೆಂಬ ದೇವತೆಯಾಗಿ ಗುಡಿಯನ್ನೂ ಪೂಜೆಯನ್ನೂ ಪಡೆಯಿತು.

ನಮ್ಮಲ್ಲಿ ಓದಿದವರಿಗೊಂದು ದೃಢವಾದ ನಂಬಿಕೆಯಿದೆ. ರೋಗಕ್ಕೆ ಆಂಗ್ಲ ವೈದ್ಯರು ಇಟ್ಟ ಹೆಸರು ಶಾಸ್ತ್ರದಿಂದ ಹುಟ್ಟಿದ್ದೆಂದೂ, ಹಳ್ಳಿಯವರು ಇಟ್ಟ ಹೆಸರು ಭಯದಿಂದಲೂ ಮೌಢ್ಯದಿಂದಲೂ ಹುಟ್ಟಿದ್ದೆಂದೂ, ಆದಕಾರಣ ಮೊದಲನೆಯದನ್ನು ಕಲಿಸಿ ಎರಡನೆಯದನ್ನು ಮರೆಯಿಸುವುದೇ ಆರೋಗ್ಯಶಿಕ್ಷಣದ ಕಾರ್ಯವೆಂದೂ ಅವರು ತಿಳಿಯುತ್ತಾರೆ. ಈ ತಿಳಿವಳಿಕೆ ತಪ್ಪೆಂಬುದು ನನ್ನ ಅಭಿಪ್ರಾಯ; ತಪ್ಪು ಮಾತ್ರವಲ್ಲ, ಹಾನಿಕರವೆಂದೂ ಹೇಳುತ್ತೇನೆ. ಪ್ಲೇಗೆಂಬ ಒಂದೇ ಶಬ್ದದ ವಂಶಾವಳಿಯನ್ನು ಹಿಡಿದು ಮೂಲದವರೆಗೆ ಹೋಗಿ ಬಂದರೆ ಇದು ಸ್ಪಷ್ಟವಾಗುತ್ತದೆ.

ಆಂಗ್ಲ ಭಾಷೆಗೆ ಈ ಶಬ್ದ ಹದಿನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ ಲ್ಯಾಟಿನ್ನಿನಿಂದ, ಫ್ರೆಂಚಿನ ಆಸರೆಯೊಂದಿಗೆ ಬಂದದ್ದು. ಲ್ಯಾಟಿನ್ನಿನಲ್ಲಿ ಅದರ ರೂಪ ‘ಪ್ಲಾಗಾ’. ಅರ್ಥ ಏಟು, ಗಾಯ. ಅದರ ಹಿಂದೆ ಗ್ರೀಕರ ‘ಪ್ಲೇಗೇ’ ಎಂಬ ಶಬ್ದವಿದೆ. ಅದರ ಅರ್ಥವೂ ಏಟೇ, ಪ್ರಹಾರವೇ. ‘ಹೊಡೆ’ ಎಂಬ ಅರ್ಥದ ಗ್ರೀಕ್ ಕ್ರಿಯಾಪದದಿಂದ ಅದು ಹುಟ್ಟಿತು. ಲ್ಯಾಟಿನ್ನಿನಲ್ಲಿ ಇದಕ್ಕೆ ಸಂಬಂಧಪಟ್ಟ ಇನ್ನೊಂದು ಕ್ರಿಯಾಪದಕ್ಕೆ ಎದೆಯನ್ನು ಬಡಿದುಕೊಂಡು ಅಳುವುದೆಂಬ ಅರ್ಥವುಂಟು. ಏಟು ಕೊಟ್ಟವನ ಕೈಯೂ, ಏಟು ತಿಂದವಳು ಎದೆ ಬಡಿದುಕೊಳ್ಳುವ ಕೈಯೂ ಒಂದೇ ಧಾತುವಿನಲ್ಲಿ ಅಡಗಿವೆ. ರೋಗಾಣುವಾಗಲಿ, ಜ್ವರವಾಗಲಿ, ಶರೀರದಲ್ಲಿ ಕಾಣುವ ಒಂದಾದರೂ ಲಕ್ಷಣವಾಗಲಿ ಈ ಹೆಸರಿನಲ್ಲಿ ಇಲ್ಲ. ಮೇಲಿನಿಂದ ಬಿದ್ದ ಹೊಡೆತವೊಂದೇ ಇದೆ. ಬೈಬಲ್ಲಿನ ಲ್ಯಾಟಿನ್ ಅನುವಾದದಲ್ಲಿ, ಈಜಿಪ್ಟಿನ ಅರಸನ ಮೇಲೆ ದೇವರು ಕಳುಹಿಸಿದ ವಿಪತ್ತುಗಳಿಗೆ ಇದೇ ‘ಪ್ಲಾಗಾ’ ಶಬ್ದವನ್ನು ಪ್ರಯೋಗಿಸಿದರು. ಯೂರೋಪಿನ ಭಕ್ತರ ಮನಸ್ಸಿನಲ್ಲಿ ಅದಕ್ಕೆ ‘ದೈವದ ಏಟು’ ಎಂಬ ಛಾಯೆ ಗಟ್ಟಿಯಾಗಿ ಅಂಟಿಕೊಂಡದ್ದು ಹೀಗೆ. ಹೀಬ್ರೂ ಭಾಷೆಯ ಕಡೆಗೆ ತಿರುಗಿದರೂ ಇದೇ ಕಾಣುತ್ತದೆ: ಅಲ್ಲಿ ಮಾರಿಬೇನೆಗಿರುವ ‘ಮಗ್ಗೇಫಾ’ ಎಂಬ ಹೆಸರೂ ‘ಹೊಡೆ’ ಎಂಬ ಧಾತುವಿನಿಂದಲೇ ಹುಟ್ಟಿದ್ದು.

ಗ್ರೀಕರ ಆದಿಕಾವ್ಯವಾದ ಇಲಿಯಡ್ಡಿನ ಮೊದಲ ಸರ್ಗವನ್ನು ಓದಿದವರಿಗೆ ಈ ಪ್ರಹಾರದ ಚಿತ್ರ ಪರಿಚಿತವಾದುದು. ತನ್ನ ಪೂಜಾರಿಗೆ ಅವಮಾನವಾಯಿತೆಂದು ಮುನಿದ ಅಪೊಲೊ ದೇವತೆ ಬಿಲ್ಲು ಹಿಡಿದು ಇಳಿದು ಬಂದು, ಮೊದಲು ಹೇಸರಗತ್ತೆಗಳ ಮೇಲೂ ನಾಯಿಗಳ ಮೇಲೂ, ಆಮೇಲೆ ಮನುಷ್ಯರ ಮೇಲೂ ಒಂಬತ್ತು ದಿವಸ ಬಾಣಗಳ ಮಳೆಗರೆಯುತ್ತಾನೆ. ಪಾಳೆಯದಲ್ಲಿ ಚಿತೆಗಳು ಆರದೆ ಉರಿಯುತ್ತವೆ. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಆ ಪೂಜಾರಿಯು ದೇವರನ್ನು ಕೂಗಿ ಕರೆಯುವಾಗ ಬಳಸುವ ಬಿರುದು ‘ಸ್ಮಿಂಥೆಯುಸ್’ ಎಂಬುದು. ಪ್ರಾಚೀನ ವ್ಯಾಖ್ಯಾನಕಾರರಲ್ಲಿ ಹಲವರು ಅದನ್ನು ಇಲಿಯೆಂಬ ಅರ್ಥದ ಶಬ್ದಕ್ಕೆ ಜೋಡಿಸಿ, ‘ಇಲಿಗಳ ಒಡೆಯ’ನೆಂದು ವಿವರಿಸಿದರು. ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ಸಮುವೇಲನ ಗ್ರಂಥವೂ ಇಂಥದೇ ಕಥೆಯನ್ನು ಹೇಳುತ್ತದೆ: ಮೈಯಲ್ಲಿ ಗೆಡ್ಡೆಗಳೆದ್ದು ಸಾಯತೊಡಗಿದ ಫಿಲಿಷ್ಟಿಯರು ದೇವರ ಕೋಪವನ್ನು ಶಮನಗೊಳಿಸಲು ಚಿನ್ನದ ಐದು ಗೆಡ್ಡೆಗಳನ್ನೂ ಚಿನ್ನದ ಐದು ಇಲಿಗಳನ್ನೂ ಮಾಡಿಸಿ ಕಾಣಿಕೆಯಾಗಿ ಅರ್ಪಿಸಿದರಂತೆ. ಆ ಜನರನ್ನು ಕೊಂದ ರೋಗ ಇಂದಿನ ವೈದ್ಯರು ಪ್ಲೇಗೆನ್ನುವ ರೋಗವೇ ಎಂದು ನಾನು ವಾದಿಸುತ್ತಿಲ್ಲ. ಇಲಿಗೂ ಮಾರಿಗೂ ಏನೋ ಸಂಬಂಧವುಂಟೆಂದು ಮೂರು ಸಾವಿರ ವರ್ಷಗಳಷ್ಟು ಹಿಂದೆಯೇ ಸಾಮಾನ್ಯರ ಕಣ್ಣಿಗೆ ಬಿದ್ದಿತ್ತೆಂಬುದಷ್ಟೇ ಇಲ್ಲಿ ಪ್ರಕೃತ. ಕಣ್ಣು ಕಂಡದ್ದನ್ನು ಹೆಸರು ಮಾತ್ರ ಹೇಳಲಿಲ್ಲ. ಹೆಸರು ದೈವವನ್ನೇ ಹೇಳಿತು.

ಈಗ ನಮ್ಮ ಕಡೆಗೆ ಬರೋಣ. ರೋಗವು ಹೊಡೆಯುತ್ತದೆ, ಬಡಿಯುತ್ತದೆ ಎಂಬ ಭಾವನೆ ಕನ್ನಡಿಗನಿಗೆ ಹೊಸದೇನೂ ಅಲ್ಲ. ‘ಗರ ಬಡಿದವನ ಹಾಗೆ ಕೂತಿದ್ದಾನೆ’ ಎನ್ನುತ್ತೇವೆ. ‘ಗಾಳಿ ಬಡಿಯಿತು’ ಎನ್ನುತ್ತೇವೆ. ಸಿಟ್ಟಿನಲ್ಲಿ ‘ನಿನಗೆ ಮಾರಿ ಬಡಿಯ’ ಎಂದು ಶಪಿಸುತ್ತೇವೆ. ಕೈಕಾಲು ಬಿದ್ದುಹೋದವನನ್ನು ಕುರಿತು ‘ಲಕ್ವ ಹೊಡೆದಿದೆ’ ಎನ್ನುತ್ತೇವೆ. ಆ ವ್ಯಾಧಿಗೆ ಆಂಗ್ಲ ವೈದ್ಯರು ಬಹುಕಾಲ ಬಳಸಿದ ‘ಅಪೊಪ್ಲೆಕ್ಸಿ’ ಎಂಬ ಹೆಸರೂ, ಈಗ ನಗರದ ಆಸ್ಪತ್ರೆಗಳಲ್ಲಿ ಎಲ್ಲರೂ ಹೇಳುವ ‘ಸ್ಟ್ರೋಕ್’ ಎಂಬ ಹೆಸರೂ ಇದನ್ನೇ ಹೇಳುತ್ತವೆ. ಮೊದಲನೆಯದು ಪ್ಲೇಗಿನ ಮೂಲವಾದ ಅದೇ ಗ್ರೀಕ್ ಕ್ರಿಯಾಪದದ ಸಂತಾನ, ಎರಡನೆಯದಕ್ಕೆ ಏಟೆಂಬುದೇ ಅರ್ಥ. ಬಾಣಾವರದ ಸಂತೆಯಲ್ಲಿ ತೆಂಗಿನಕಾಯಿ ಮಾರುವವಳು ‘ನಮ್ಮ ಯಜಮಾನರಿಗೆ ಲಕ್ವ ಹೊಡೀತು’ ಎಂದಾಗಲೂ, ಹಾಸನದ ವೈದ್ಯರು ಅದೇ ರೋಗಿಯ ಚೀಟಿಯ ಮೇಲೆ ‘ಸ್ಟ್ರೋಕ್’ ಎಂದು ಬರೆದಾಗಲೂ ಮನುಷ್ಯನ ಬುದ್ಧಿ ಹಿಡಿದ ದಾರಿ ಒಂದೇ. ಒಬ್ಬಳ ಮಾತನ್ನು ಮೌಢ್ಯವೆಂದೂ ಇನ್ನೊಬ್ಬರ ಮಾತನ್ನು ಶಾಸ್ತ್ರವೆಂದೂ ಬೇರ್ಪಡಿಸುವುದಕ್ಕೆ ಯಾವ ಆಧಾರವೂ ಇಲ್ಲ.

ನಮ್ಮವರು ಇಲ್ಲಿಗೇ ನಿಲ್ಲಲಿಲ್ಲವೆಂಬುದು ಈ ಲೇಖನದ ಮುಖ್ಯ ವಿಷಯ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಪ್ಲೇಗಿನ ಕಾಲವನ್ನು ಕುರಿತು ಹಿರಿಯರನ್ನು ಕೇಳಿದವರಿಗೆಲ್ಲ ಒಂದು ಮಾತು ಗೊತ್ತಿದೆ: ‘ಇಲಿ ಬಿತ್ತು’ ಎಂಬುದು. ‘ಊರಲ್ಲಿ ಇಲಿ ಬಿತ್ತು, ಊರು ಬಿಟ್ಟೆವು’ ಎಂದು ಎರಡೇ ವಾಕ್ಯಗಳಲ್ಲಿ ರೋಗದ ನಿದಾನವನ್ನೂ ಚಿಕಿತ್ಸೆಯನ್ನೂ ಅವರು ಹೇಳಿ ಮುಗಿಸುತ್ತಿದ್ದರು. ಅಟ್ಟದ ಮೇಲಿಂದಲೋ, ಹೆಂಚಿನ ಸಂದಿನಿಂದಲೋ, ವಾಡೆಯ ಹಿಂದಿನಿಂದಲೋ ಇಲಿಯೊಂದು ಅಮಲೇರಿದಂತೆ ತೂರಾಡುತ್ತ ಹೊರಬಂದು, ಮನುಷ್ಯರನ್ನು ಕಂಡರೂ ಓಡದೆ, ನಡುಮನೆಯಲ್ಲಿ ಗಿರ್ರನೆ ಸುತ್ತಿ ಬಿದ್ದು ಸತ್ತಿತೆಂದರೆ ಮನೆಯ ಹೆಂಗಸರಿಗೆ ಅದರ ಅರ್ಥ ತತ್‌ಕ್ಷಣ ಹೊಳೆಯುತ್ತಿತ್ತು. ನಾಲ್ಕಾರು ದಿನಗಳ ಅಂತರದಲ್ಲಿ ಯಾರಿಗಾದರೂ ಚಳಿಜ್ವರ ಬಂದು, ತೊಡೆಯ ಸಂದಿನಲ್ಲಿಯೋ ಕಂಕುಳಿನಲ್ಲಿಯೋ ಗಂಟು ಕಟ್ಟುವುದು ಖಂಡಿತವೆಂದು ಅವರು ಕಂಡುಕೊಂಡಿದ್ದರು.

ಇದೇ ಸಂಗತಿಯನ್ನು ವಿಜ್ಞಾನ ಕಂಡುಕೊಂಡ ಬಗೆಯನ್ನು ನೋಡಬೇಕು. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ರೋಗಾಣುವನ್ನು ಗುರುತಿಸಿದರು. ಇಂದು ಅದಕ್ಕೆ ಅವರದೇ ಹೆಸರು. ಆದರೆ ಆ ಅಣು ಇಲಿಯಿಂದ ಮನುಷ್ಯನಿಗೆ ಹೇಗೆ ದಾಟುತ್ತದೆಂಬುದು ಆಗಲೂ ಗೂಢವಾಗಿಯೇ ಉಳಿಯಿತು. 1898ರಲ್ಲಿ, ಎಂದರೆ ಬೆಂಗಳೂರಿಗೆ ಪ್ಲೇಗು ಬಂದ ವರ್ಷವೇ, ಪಾಲ್ ಲೂಯಿ ಸಿಮೋನ್ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ಒಂದು ಪ್ರಯೋಗ ಮಾಡಿದರು. ರೋಗದ ಇಲಿಯನ್ನೂ ಆರೋಗ್ಯವಾಗಿದ್ದ ಇಲಿಯನ್ನೂ ಪರಸ್ಪರ ಮುಟ್ಟಲಾಗದಂತೆ, ಆದರೆ ಚಿಗಟ ಹಾರಬಲ್ಲಷ್ಟು ಹತ್ತಿರದಲ್ಲಿ ಇರಿಸಿದಾಗ, ಎರಡನೆಯದಕ್ಕೂ ರೋಗ ತಗಲಿತು. ಇಲಿ ಸತ್ತು ಅದರ ಮೈ ತಣ್ಣಗಾದೊಡನೆ ಚಿಗಟವು ಬೆಚ್ಚನೆಯ ರಕ್ತವನ್ನು ಅರಸಿ ಮನುಷ್ಯನ ಮೇಲೆ ನೆಗೆಯುತ್ತದೆಂದು ಅವರು ಹೇಳಿದರು. ವಿದ್ವಾಂಸರು ಹಲವು ವರ್ಷ ಅದನ್ನು ಒಪ್ಪಲಿಲ್ಲ. ಆ ಚಿಗಟಕ್ಕೆ 1903ರಲ್ಲಿ ಶಾಸ್ತ್ರೀಯ ನಾಮವನ್ನಿಟ್ಟ ಕೀಟಶಾಸ್ತ್ರಜ್ಞ ರಾಥ್‌ಚೈಲ್ಡರು ಅದಕ್ಕೆ ಪಿರಮಿಡ್ಡನ್ನು ಕಟ್ಟಿಸಿದ ಈಜಿಪ್ಟಿನ ದೊರೆ ಕಿಯೋಪ್ಸನ ಹೆಸರನ್ನು ಜೋಡಿಸಿದರು; ಅದರ ಕುಲಕ್ಕೆ ಮುಂದೆ ಬಂದ ‘ಜೀನೋಪ್ಸಿಲ್ಲಾ’, ಎಂದರೆ ‘ಪರಕೀಯ ಚಿಗಟ’, ಎಂಬ ಹೆಸರೂ ಗ್ರೀಕಿನದೇ. ಇಲಿ ಬೀಳುವುದಕ್ಕೂ ಮನುಷ್ಯ ಬೀಳುವುದಕ್ಕೂ ನಡುವೆ ಇರುವ ಈ ಸಣ್ಣ ಜೀವಿಯನ್ನು ನಮ್ಮ ಹಳ್ಳಿಯವರು ಗುರುತಿಸಲಿಲ್ಲ, ನಿಜ. ಮೊದಲು ಬೀಳುವುದು ಇಲಿಯೆಂಬುದನ್ನು ಮಾತ್ರ ಅವರು ಗುರುತಿಸಿ, ಅದನ್ನೇ ರೋಗದ ಹೆಸರಾಗಿ ಮಾಡಿಕೊಂಡರು. ಗ್ರೀಕ್ ಭಾಷೆಯ ಏಟಿಗಿಂತ ಕನ್ನಡದ ಇಲಿ ಸತ್ಯಕ್ಕೆ ಸಮೀಪವಾದುದು.

ನಮ್ಮ ಪ್ರಾಚೀನ ವೈದ್ಯಗ್ರಂಥಗಳಲ್ಲಿ ಇದಕ್ಕೆ ಪೂರ್ವಪೀಠಿಕೆಯಿದೆ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯಕ್ಕೆ ‘ಜನಪದೋದ್ಧ್ವಂಸನೀಯ’ವೆಂದು ಹೆಸರು. ಪಾಂಚಾಲದ ಕಾಂಪಿಲ್ಯದಲ್ಲಿ, ಗಂಗಾತೀರದಲ್ಲಿ, ಪುನರ್ವಸು ಆತ್ರೇಯನು ಶಿಷ್ಯನಾದ ಅಗ್ನಿವೇಶನಿಗೆ ಹೇಳುವ ಈ ಭಾಗದಲ್ಲಿ, ಬೇರೆ ಬೇರೆ ಪ್ರಕೃತಿಯ ಜನ ಏಕಕಾಲದಲ್ಲಿ ಒಂದೇ ವ್ಯಾಧಿಯಿಂದ ಸಾಯುವುದು ಹೇಗೆಂಬ ಪ್ರಶ್ನೆಯನ್ನೆತ್ತಿ, ಎಲ್ಲರಿಗೂ ಸಮಾನವಾದ ವಾಯು, ಜಲ, ದೇಶ, ಕಾಲಗಳು ಕೆಡುವುದೇ ಕಾರಣವೆಂದು ಉತ್ತರಿಸಲಾಗಿದೆ; ಕೆಟ್ಟ ದೇಶದ ಲಕ್ಷಣಗಳನ್ನು ಎಣಿಸುವಾಗ ಸೊಳ್ಳೆ, ನೊಣ, ಮಿಡಿತೆಗಳ ಸಂಗಡ ಮೂಷಕವೂ ಹೆಸರಿಸಲ್ಪಟ್ಟಿದೆ. ಗ್ರೀಕರ ‘ಎಪಿಡೆಮಿಕ್’ ಶಬ್ದಕ್ಕೆ ಜನದ ಮೇಲೆ ಬಂದದ್ದೆಂದು ಅರ್ಥ. ಚರಕನ ಜನಪದವೂ ಅವರ ‘ಡೆಮೋಸ್’ ಎಂಬುದೂ ಒಂದೇ ಚಿಂತೆಯನ್ನು ಹೊತ್ತಿವೆ. ಸುಶ್ರುತಸಂಹಿತೆಯು ಕಂಕುಳ ಭಾಗದಲ್ಲಿ ಎದ್ದು, ಒಳಗೆ ಬೆಂಕಿಯಂತೆ ಉರಿದು, ಜ್ವರ ತಂದು, ಏಳು ದಿನದಲ್ಲೋ ಹತ್ತು ದಿನದಲ್ಲೋ ಒಂದು ಪಕ್ಷದಲ್ಲೋ ಕೊಲ್ಲುವ ‘ಅಗ್ನಿರೋಹಿಣಿ’ಯೆಂಬ ಗುಳ್ಳೆಯನ್ನು ವರ್ಣಿಸುತ್ತದೆ. ಪ್ಲೇಗು ಬಂದಾಗ ಆಯುರ್ವೇದ ಪಂಡಿತರಲ್ಲಿ ಕೆಲವರು ಇದೇ ಅದೆಂದರು. ಅಷ್ಟು ಖಚಿತವಾಗಿ ಹೇಳುವುದು ಉಚಿತವೆಂದು ನನಗೆ ತೋರುವುದಿಲ್ಲ. ಆದರೆ ಮಾರಕವ್ಯಾಧಿಯ ಕಾಲದಲ್ಲಿ ಅನುಸರಿಸಬೇಕಾದ ಕ್ರಮಗಳನ್ನು ಹೇಳುವಾಗ ಸುಶ್ರುತನು ಶಾಂತಿಕರ್ಮ, ಜಪ, ಹೋಮಗಳಿಗಿಂತಲೂ ಮೊದಲು ಇರಿಸಿದ್ದು ‘ಸ್ಥಾನಪರಿತ್ಯಾಗ’ವನ್ನು. ಮೊದಲು ಆ ಜಾಗವನ್ನು ಬಿಡು, ಉಳಿದದ್ದು ಆಮೇಲೆ.

ಈ ಸ್ಥಾನಪರಿತ್ಯಾಗಕ್ಕೆ ಕನ್ನಡದ ಹೆಸರು ‘ಹೊರಬೀಡು’. ಕಡೂರು, ತರೀಕೆರೆ, ಚಿತ್ರದುರ್ಗದ ಸೀಮೆಗಳ ಕೆಲವು ಊರುಗಳಲ್ಲಿ ಈ ಆಚರಣೆ ಇಂದಿಗೂ ಉಳಿದಿದೆ. ನಿಗದಿಯಾದ ದಿವಸ ಬೆಳಕು ಹರಿಯುವ ಮೊದಲೇ ಮನೆಮಂದಿಯೆಲ್ಲ ಒಲೆ ಆರಿಸಿ, ಬಾಗಿಲು ಎಳೆದುಕೊಂಡು, ದನಕರು, ಕುರಿಕೋಳಿ, ಪಾತ್ರೆಪರಡಿಗಳೊಂದಿಗೆ ಊರಾಚೆಯ ಹೊಲತೋಟಗಳಿಗೆ ನಡೆಯುತ್ತಾರೆ. ಊರಬಾಗಿಲಿಗೆ ಮುಳ್ಳಿನ ಬೇಲಿ ಬೀಳುತ್ತದೆ. ಹಗಲೆಲ್ಲ ಊರೊಳಗೆ ನರಪ್ರಾಣಿ ಇರತಕ್ಕದ್ದಲ್ಲ. ಹೊಂಗೆಯ ನೆರಳಿನಲ್ಲಿಯೋ ಹುಣಿಸೆಯ ಬುಡದಲ್ಲಿಯೋ ಮೂರು ಕಲ್ಲು ಹೂಡಿ ಅಡುಗೆ ಮಾಡಿ ಉಂಡು, ಸಂಜೆ ಪೂಜೆಯಾದ ಮೇಲೆ ಮರಳಿ ಬರುತ್ತಾರೆ. ಇದು ಪ್ಲೇಗಿನ ಕಾಲದಲ್ಲಿಯೇ ಹುಟ್ಟಿತೆನ್ನುವವರುಂಟು, ಅದಕ್ಕೂ ಹಿಂದಿನದೆನ್ನುವವರುಂಟು. ಒಂದು ದಿನದ ಹೊರಬೀಡಿನಿಂದ ಯಾವ ರೋಗವೂ ಓಡಿಹೋಗುವುದಿಲ್ಲವೆಂಬುದು ಸತ್ಯ. ಆದರೆ ಪ್ಲೇಗಿನ ವರ್ಷಗಳಲ್ಲಿ ಜನ ಊರು ಬಿಟ್ಟದ್ದು ಒಂದು ದಿನಕ್ಕಲ್ಲ. ತಿಂಗಳುಗಟ್ಟಲೆ ಜೋಪಡಿಗಳಲ್ಲಿ ಬಾಳಿದರು. ಮನುಷ್ಯನೂ ಕಾಳೂ ಇಲ್ಲದ ಮನೆಯಲ್ಲಿ ಇಲಿಗೆ ಆಹಾರವಿಲ್ಲ, ಚಿಗಟಕ್ಕೆ ರಕ್ತವಿಲ್ಲ. ಸಂಸ್ಥಾನದ ವೈದ್ಯಾಧಿಕಾರಿಗಳು ಜನರನ್ನು ತೆರವುಗೊಳಿಸಿ ಬಯಲಿಗೆ ಕಳುಹಿಸುವುದಕ್ಕೆ ಆಂಗ್ಲದಲ್ಲಿ ಏನು ಹೆಸರಿಟ್ಟರೂ, ನಮ್ಮ ರೈತನಿಗೆ ಅದು ತನ್ನದೇ ಹೊರಬೀಡಾಗಿತ್ತು.

ಬಾಣಾವರವೇ ಇಂಥ ವಲಸೆಯ ಕಥೆಯನ್ನು ಹೊತ್ತ ಊರು. ಹೈದರಲಿಯು ಈ ಊರಿನವರನ್ನು ಎಬ್ಬಿಸಿ, ಸಮೀಪದಲ್ಲಿ ತಾನು ಹೊಸದಾಗಿ ಕಟ್ಟಿಸುತ್ತಿದ್ದ ನಾಗಪುರಿಗೆ ಒಯ್ದನೆಂದೂ, ಆ ಸ್ಥಳದ ಹವೆ ಆರೋಗ್ಯಕ್ಕೆ ಒಗ್ಗದೆ ಜನ ತಿರುಗಿ ಬಾಣಾವರಕ್ಕೆ ಬಂದರೆಂದೂ ಹಳೆಯ ಮೈಸೂರು ಗೆಜೆಟಿಯರು ಹೇಳುತ್ತದೆ. ಹವೆಯನ್ನು ಪರೀಕ್ಷಿಸುವ ಯಂತ್ರವಾಗಲಿ ನೀರನ್ನು ಪರೀಕ್ಷಿಸುವ ಶಾಲೆಯಾಗಲಿ ಇಲ್ಲದ ಆ ದಿನಗಳಲ್ಲಿ, ಒಂದು ಊರಿಗೆ ಊರೇ ಇಂಥಲ್ಲಿ ಬಾಳಲಾಗದೆಂದು ನಿರ್ಣಯಿಸಿ ಹಿಂತಿರುಗಿದ್ದು ಸಣ್ಣ ಸಂಗತಿಯಲ್ಲ. ಮರಳಿ ಬಾರದ ಊರುಗಳೂ ಇವೆ. ಅವನ್ನು ನಮ್ಮ ಕಂದಾಯದ ಕಡತಗಳು ‘ಬೇಚರಾಕ್’ ಗ್ರಾಮಗಳೆಂದು ಬರೆದಿಟ್ಟಿವೆ; ಪಾರಸಿಯಲ್ಲಿ ಅದಕ್ಕೆ ದೀಪವಿಲ್ಲದ್ದೆಂದು ಅರ್ಥ. ಅಂಥ ಹಾಳೂರುಗಳಲ್ಲಿ ಬರದಿಂದ ಹಾಳಾದವೂ, ಯುದ್ಧದಿಂದ ಹಾಳಾದವೂ, ಮಾರಿಯಿಂದ ಹಾಳಾದವೂ ಇವೆ. ಯಾವುದು ಯಾವುದೆಂದು ಕಡತ ಹೇಳುವುದಿಲ್ಲ, ಸುತ್ತಲಿನ ಊರಿನ ಹಿರಿಯರ ನೆನಪು ಮಾತ್ರ ಹೇಳೀತು.

ಇನ್ನು ‘ಕ್ವಾರಂಟೈನ್’. ಈ ಶಬ್ದವು ಸಮುದ್ರದಿಂದ ಬಂದದ್ದು. 1377ರಲ್ಲಿ ಆಡ್ರಿಯಾಟಿಕ್ ತೀರದ ರಗೂಸ ಪಟ್ಟಣವು ಪ್ಲೇಗಿನ ಸೀಮೆಗಳಿಂದ ಬಂದವರು ಮೂವತ್ತು ದಿನ ಹೊರಗೆ ಕಾಯತಕ್ಕದ್ದೆಂದು ಶಾಸನ ಮಾಡಿತು. ತರುವಾಯ ಆ ಅವಧಿ ನಲವತ್ತು ದಿನಗಳಿಗೇರಿ, ವೆನಿಸ್ಸಿನವರ ಆಡುಮಾತಿನ ‘ನಲವತ್ತು’ ರೋಗನಿರೋಧದ ಹೆಸರಾಯಿತು. ಅದರ ಮೂಲವಾದ ಲ್ಯಾಟಿನ್ ಸಂಖ್ಯಾವಾಚಕವೂ ನಮ್ಮ ಸಂಸ್ಕೃತದ ‘ಚತ್ವಾರಿಂಶತ್’ ಎಂಬುದೂ ಒಂದೇ ಪೂರ್ವಭಾಷೆಯ ದಾಯಾದಿಗಳು. ಇಷ್ಟು ಸರಳವಾದ ಮಾತು 2020ರಲ್ಲಿ ನಮ್ಮ ಹಳ್ಳಿಗಳನ್ನು ಹೊಕ್ಕಾಗ ಎಂಥ ಭೀತಿಯನ್ನು ಹುಟ್ಟಿಸಿತೆಂಬುದನ್ನು ಹಾಸನ ಜಿಲ್ಲೆಯವರು ಮರೆತಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಮುಂಬಯಿಯಿಂದ ಮರಳಿದ ನಮ್ಮದೇ ಬಂಧುಗಳನ್ನು ಶಾಲೆಗಳಲ್ಲಿಯೂ ಹಾಸ್ಟೆಲುಗಳಲ್ಲಿಯೂ ಇರಿಸಿದಾಗ, ‘ಅವರನ್ನು ಕ್ವಾರಂಟೈನಿಗೆ ಹಾಕಿದ್ದಾರೆ’ ಎಂದು ಜೈಲಿಗೆ ಹಾಕಿದರೆಂಬ ಧ್ವನಿಯಲ್ಲಿ ಮಾತನಾಡಿಕೊಂಡರು. ರೋಗಕ್ಕೆ ಹೆದರಿದ್ದಕ್ಕಿಂತ ಹೆಚ್ಚಾಗಿ ಆ ಹೆಸರಿಗೆ ಹೆದರಿದರು. ಊರಾಚೆ ಕೆಲವು ದಿನ ಕಳೆದು ಬರುವುದು ನಮ್ಮ ತಾತಂದಿರೇ ಕಂಡುಕೊಂಡ ಉಪಾಯವೆಂದೂ, ಇದು ಹೊರಬೀಡೆಂದೂ, ಹೊರಬೀಡಿನಲ್ಲಿರುವವರಿಗೆ ಊರಿನವರು ಅಕ್ಕಿಬೇಳೆ ಮುಟ್ಟಿಸಬೇಕಾದದ್ದು ಧರ್ಮವೆಂದೂ ಹೇಳಿದ್ದರೆ, ಕೇಳಿದವರ ಮನಸ್ಸು ಬೇರೆಯಾಗಿರುತ್ತಿತ್ತೆಂದು ನಾನು ದೃಢವಾಗಿ ನಂಬುತ್ತೇನೆ.

ಜನರಿಗೆ ತಿಳಿಯದ ಮಾತಿನಲ್ಲಿ ಬಲಾತ್ಕಾರವನ್ನು ನಡೆಸಿದರೆ ಏನಾಗುತ್ತದೆಂಬುದಕ್ಕೆ ಇತಿಹಾಸದಲ್ಲಿ ಸಾಕಷ್ಟು ನಿದರ್ಶನವಿದೆ. 1897ರಲ್ಲಿ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಮಾಡಿತು. ಮನೆಗಳನ್ನು ಹೊಕ್ಕು ಶೋಧಿಸುವುದು, ನಿಲ್ದಾಣಗಳಲ್ಲಿ ಹೆಂಗಸರ ಮೈಮುಟ್ಟಿ ಗಂಟುಗಳನ್ನು ಹುಡುಕುವುದು, ರೋಗಿಗಳನ್ನು ಮನೆಯವರಿಂದ ಕಿತ್ತೊಯ್ಯುವುದು ನಡೆದವು. ಅದೇ ವರ್ಷದ ಜೂನ್ ತಿಂಗಳಲ್ಲಿ ಪುಣೆಯಲ್ಲಿ ಪ್ಲೇಗಿನ ಅಧಿಕಾರಿ ರ್‍ಯಾಂಡನ ಮೇಲೆ ಚಾಪೇಕರ ಸಹೋದರರು ಗುಂಡು ಹಾರಿಸಿದರು. 1898ರಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಜನ ದಂಗೆಯೆದ್ದರು. ಮೈಸೂರಿನಲ್ಲಿ ಅದು ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿದ್ದ ಕಾಲ. ದಿವಾನರು ಶೇಷಾದ್ರಿ ಅಯ್ಯರ್. ಪ್ಲೇಗ್ ಕಮಿಷನರರಾಗಿ ದುಡಿದವರು ಮುಂದೆ ದಿವಾನರಾದ ವಿ. ಪಿ. ಮಾಧವರಾಯರು. ದಕ್ಷರೂ ಸದುದ್ದೇಶದವರೂ ಆಗಿದ್ದ ಇಂಥವರ ಕೈಯಲ್ಲಿ ಆಡಳಿತವಿದ್ದರೂ ದಂಗೆ ತಪ್ಪಲಿಲ್ಲ. ಇನ್ನೊಂದು ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಮಾರಿಯ ಮುನಿಸೆಂಬ ನಂಬಿಕೆ ನಮ್ಮವರಿಗೆ ಕೆಡುಕನ್ನೂ ಮಾಡಿತು. ರೋಗಿಗಳನ್ನು ಅಡಗಿಸಿಟ್ಟರು, ವಿಜ್ಞಾನಿ ಹಾಫ್‌ಕಿನ್ನರು ಮುಂಬಯಿಯಲ್ಲಿ ಸಿದ್ಧಪಡಿಸಿ 1897ರ ಜನವರಿಯಲ್ಲಿ ಮೊದಲು ತಮ್ಮ ಮೈಗೇ ಚುಚ್ಚಿಕೊಂಡಿದ್ದ ಲಸಿಕೆಯನ್ನು ವಿಷವೆಂದು ದೂರವಿಟ್ಟರು. ಆದರೂ ಹುಬ್ಬಳ್ಳಿಯಲ್ಲಿ 1898ರಲ್ಲಿಯೇ ಬಹುಸಂಖ್ಯೆಯ ಜನ ತೋಳು ಚಾಚಿ ಸೂಜಿ ಹಾಕಿಸಿಕೊಂಡರು. ಆದ್ದರಿಂದ ನಾನು ಮಾರಮ್ಮನ ಪರವಾಗಿ ವಕಾಲತ್ತು ಹಿಡಿಯುತ್ತಿಲ್ಲ. ಕಣ್ಣಿಟ್ಟು ನೋಡಿದ್ದರಿಂದ ಹುಟ್ಟಿದ ಮಾತನ್ನೂ, ಭಯದಿಂದ ಹುಟ್ಟಿದ ಮಾತನ್ನೂ ವಿಂಗಡಿಸಿ, ಮೊದಲನೆಯದನ್ನು ಉಳಿಸಿಕೊಳ್ಳಬೇಕೆನ್ನುತ್ತೇನೆ.

ಹಾಗೆ ಉಳಿಸಿಕೊಂಡು ಫಲ ಕಂಡ ಉದಾಹರಣೆ ನಮ್ಮ ನೆರೆಯಲ್ಲಿಯೇ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಕಂಡುಬಂದ ಹೊಸ ಜ್ವರಕ್ಕೆ ವಿಜ್ಞಾನಿಗಳು ಆ ಊರಿನ ಹೆಸರನ್ನೇ ಇಟ್ಟರು; ಮಲೆನಾಡಿನವರು ಅದನ್ನು ‘ಮಂಗನ ಕಾಯಿಲೆ’ ಎಂದರು, ಏಕೆಂದರೆ ಮನುಷ್ಯರಿಗಿಂತ ಮೊದಲು ಕಾಡಿನಲ್ಲಿ ಮಂಗಗಳು ಸತ್ತುಬಿದ್ದದ್ದನ್ನು ಅವರು ಕಂಡಿದ್ದರು. ಇಂದು ಸರ್ಕಾರದ ಪ್ರಕಟಣೆಗಳೂ ಅದೇ ಹೆಸರನ್ನು ಬಳಸುತ್ತವೆ. ಮಂಗ ಸತ್ತದ್ದು ಕಂಡರೆ ಕೂಡಲೇ ತಿಳಿಸಿರೆಂದು ಆರೋಗ್ಯ ಇಲಾಖೆಯೇ ಕೇಳಿಕೊಳ್ಳುತ್ತದೆ. ಹೆಸರೇ ಎಚ್ಚರಿಕೆಯ ಗಂಟೆಯಾಗಿರುವುದರಿಂದ ಯಾರಿಗೂ ವಿವರಿಸಿ ಹೇಳುವ ಪ್ರಸಂಗವೇ ಬರುವುದಿಲ್ಲ.

ಇದಕ್ಕೆ ತೀರ ವಿರುದ್ಧವಾದುದು 2006ರ ಸುಮಾರಿನಲ್ಲಿ ಕರ್ನಾಟಕದ ಬಯಲುಸೀಮೆಯನ್ನು ಹಾಸಿಗೆ ಹಿಡಿಸಿದ ಚಿಕುನ್‌ಗುನ್ಯದ ಕಥೆ. ಅದು ಪೂರ್ವ ಆಫ್ರಿಕಾದ ಮಾಕೊಂಡೆ ಜನರ ಭಾಷೆಯ ಮಾತು. ರೋಗಿ ಕೀಲುನೋವಿನಿಂದ ಬಾಗಿ ಮುರುಟಿಕೊಳ್ಳುವುದನ್ನು ಕಂಡು ಆ ಜನ ಇಟ್ಟ ಹೆಸರು. ನಮ್ಮ ‘ಇಲಿ ಬಿತ್ತು’ ಎಂ‌ಬುದರಷ್ಟೇ ನೇರವಾದ, ಕಣ್ಣಾರೆ ಕಂಡ ಮಾತು. ಅದರ ಅರ್ಥವನ್ನು ಇಲ್ಲಿ ಯಾರೂ ಹೇಳದೆ ಬರಿಯ ಶಬ್ದವನ್ನು ಮಾತ್ರ ಒಪ್ಪಿಸಿದ್ದರ ಪರಿಣಾಮವಾಗಿ ಅದು ‘ಚಿಕನ್ ಗುನ್ಯ’ವಾಗಿ, ಕೋಳಿಯಿಂದ ಬರುವ ರೋಗವೆಂದು ಭಾವಿಸಿ ಎಷ್ಟೋ ಮನೆಗಳಲ್ಲಿ ಕೋಳಿ ತಿನ್ನುವುದನ್ನು ಬಿಟ್ಟರು, ತೆರೆದ ತೊಟ್ಟಿಯ ನೀರಿನಲ್ಲಿ ಸೊಳ್ಳೆಯ ಮರಿಗಳು ಮಾತ್ರ ಹಾಯಾಗಿ ಬೆಳೆದವು. ನೀರಿನ ಕೊರತೆಯಿಂದ ವಾರಗಟ್ಟಲೆ ಡ್ರಮ್ಮುಗಳಲ್ಲಿ ತುಂಬಿಡಬೇಕಾದ ಅರಸೀಕೆರೆ ತಾಲ್ಲೂಕಿನಂಥ ಸೀಮೆಯಲ್ಲಿ, ಸೊಳ್ಳೆಯ ಹೆಸರನ್ನು ರೋಗದ ಹೆಸರಿನೊಳಗೇ ಸೇರಿಸಿ ಹೇಳಿದ್ದರೆ ಎಷ್ಟು ಉಪಕಾರವಾಗುತ್ತಿತ್ತು!

ಆಂಗ್ಲದ ವೈದ್ಯಶಬ್ದಗಳು ಬೇಡವೆಂದಾಗಲಿ, ಎಲ್ಲಕ್ಕೂ ಸಂಸ್ಕೃತದಿಂದ ಹೊಸ ಶಬ್ದಗಳನ್ನು ಟಂಕಿಸಬೇಕೆಂದಾಗಲಿ ನನ್ನ ವಾದವಲ್ಲ. ಪ್ಲೇಗು ನಮ್ಮದಾಗಿದೆ, ಹಾಗೆಯೇ ಇರಲಿ. ಆದರೆ ವೈದ್ಯಕೀಯ ಕಾಲೇಜುಗಳಲ್ಲಿ ಕಲಿಯುವ ನಮ್ಮ ಹುಡುಗರಿಗೆ ತಾವು ಬಾಯಿಪಾಠ ಮಾಡುವ ಗ್ರೀಕ್ ಲ್ಯಾಟಿನ್ ಹೆಸರುಗಳ ಹಿಂದೆ ಇರುವುದೂ ಕುರುಬನೋ ಹಡಗಿನವನೋ ಪೂಜಾರಿಯೋ ಆಡಿದ ಸಾಮಾನ್ಯ ಮಾತೆಂಬುದು ತಿಳಿಯಬೇಕು. ತಿಳಿದರೆ, ರೋಗಿಯು ತನ್ನ ಮಾತಿನಲ್ಲಿ ನೋವನ್ನು ಹೇಳಿಕೊಳ್ಳುವಾಗ ಅವರು ಆದರದಿಂದ ಕಿವಿಗೊಟ್ಟಾರು. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ಇಲಾಖೆಯ ಕರಪತ್ರಗಳನ್ನು ಕೊಡುವ ಮೊದಲು, ಆ ಸೀಮೆಯಲ್ಲಿ ಆ ರೋಗಕ್ಕೆ ಜನ ಏನೆನ್ನುತ್ತಾರೆಂದು ಅವರನ್ನೇ ಕೇಳಿ ಬರೆಯಬೇಕು. ಪ್ಲೇಗಿನ ಜೋಪಡಿಗಳಲ್ಲಿ ಬಾಳಿದವರು ಇಂದು ಇಲ್ಲ. ಅವರ ಬಾಯಿಂದ ಕೇಳಿದ ಮಕ್ಕಳೂ ಮೊಮ್ಮಕ್ಕಳೂ ಮುಪ್ಪಿನಲ್ಲಿದ್ದಾರೆ. ಬಾಣಾವರ, ಅರಸೀಕೆರೆ, ಬೇಲೂರು, ಹಳೇಬೀಡುಗಳ ಶಾಲಾ ಕಾಲೇಜುಗಳ ಉಪಾಧ್ಯಾಯರಲ್ಲಿ ನನ್ನ ಪ್ರಾರ್ಥನೆಯಿಷ್ಟೆ: ಈ ಬೇಸಿಗೆಯ ರಜೆಯಲ್ಲಿ ವಿದ್ಯಾರ್ಥಿಗಳನ್ನು ಆ ಹಿರಿಯರ ಜಗುಲಿಗಳಿಗೆ ಕಳುಹಿಸಿ, ಇಲಿ ಬಿದ್ದ ಕಾಲದ ಮಾತುಗಳನ್ನೂ, ಹೊರಬೀಡು ಬಿಟ್ಟ ಜಾಗಗಳ ಹೆಸರುಗಳನ್ನೂ, ಮತ್ತೆ ದೀಪ ಹತ್ತದ ಊರುಗಳ ಪಟ್ಟಿಯನ್ನೂ ಅವರು ಹೇಳಿದ ಹಾಗೆಯೇ ಬರೆಸಿಡಿರಿ.